ಸಾವಿರದ ಒಂಬೈನೂರು, ನಲವತ್ತು ನಿಮಿಷ

ಪೆನ್ನಿನ ತಲೆಯ ಮೇಲೆ ಹಲ್ಲಿನ ಗುರುತು, ಎರಡು ಮೇಲೆ ಎರಡು ಕೆಳಗೆ, ಇಲಿ ಕಡಿದ ಹಾಗೆ — ಇದು ತನ್ನದಲ್ಲ, ಮಗಳದು, ಬೆಳಿಗ್ಗೆ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಬ್ಯಾಗಿಗೆ ತುರುಕಿಕೊಂಡು ಬಂದುಬಿಟ್ಟಿದ್ದಾಳೆ ಇವಳು, ಪಾಪ ಅದು ಅಲ್ಲಿ ಸ್ಕೂಲಲ್ಲಿ ಯಾರ ಹತ್ತಿರ ಪೆನ್ನು ಬೇಡುತ್ತಿದೆಯೋ, ಹದಿನಾಲ್ಕು ತುಂಬಿದರೂ ಕಚ್ಚುವುದು ಬಿಟ್ಟಿಲ್ಲ, ಹಲ್ಲು ಹಾಳಾಗುತ್ತೆ ಕಣೇ ಅಂದರೆ ಆಗಲಿ ಬಿಡು ನನ್ನ ಹಲ್ಲು ತಾನೆ, ಮಾತಿಗೆ ಮಾತು, ಈ ನಾಲಿಗೆ ಯಾರದು ಬಂದಿದೆಯೋ ಅಂದರೆ ಗಂಡ ಸಾರಿನ ತಟ್ಟೆಯಿಂದ ತಲೆ ಎತ್ತದೆ, ಕನ್ನಡಿ ಇದೆ ನೋಡು ಒಳಗೆ, ಅನ್ನುತ್ತಾನೆ. ಪೆನ್ನಿನ ಮುಂದೆ ಹಾಳೆ. ಹಾಳೆಯಲ್ಲಿ ಮೂರು ಖಾಲಿ ಚೌಕ — ಶಾಖ ಎಷ್ಟು, ಆ ಶಾಖದಲ್ಲಿ ಎಷ್ಟು ಹೊತ್ತು, ಕುಲುಮೆ ನೋಡಿಕೊಳ್ಳುವವರ ಸಹಿ. ಮೊದಲೆರಡು ಚೌಕದಲ್ಲಿ ಏನು ತುಂಬಬೇಕು ಅನ್ನುವುದನ್ನು ಇಸ್ತ್ರಿ ಸಾಹೇಬರು ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟು ಹೋಗಿದ್ದಾರೆ, ತೆಳ್ಳಗೆ, ಬೆರಳಾಡಿಸಿದರೆ ಅಳಿಸಿಹೋಗುವ ಹಾಗೆ, ಎರಡು ಸಾವಿರದ ನಾನೂರು, ಎರಡು ಗಂಟೆ, ನಾಳೆ ಯಾರಾದರೂ ಕೇಳಿದರೆ ಪೆನ್ಸಿಲು ಇರುವುದಿಲ್ಲ, ಪೆನ್ನು ಇರುತ್ತದೆ, ಪೆನ್ನು ಇವಳದು. ಇಸ್ತ್ರಿ ಅಂತ ಹೆಸರಿಟ್ಟವರು ಯಾರೋ ನೆನಪಿಲ್ಲ, ಇಡೀ ಕಾರ್ಖಾನೆ ಮಸಿಯಲ್ಲಿ ಮಿಂದು ಮನೆಗೆ ಹೋದರೂ ಅವರ ಅಂಗಿಯ ತೋಳಿನ ಮಡಿಕೆ ಬೆಳಿಗ್ಗೆ ಹೇಗೆ ಬಂತೋ ಸಂಜೆ ಹಾಗೇ ಹೋಗುತ್ತದೆ, ಮ್ಯಾನೇಜರು ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಇಸ್ತ್ರಿ ಅಂದರೆ ಗೇಟಿನವನಿಗೂ ಗೊತ್ತು. ಗಡಿಯಾರದಲ್ಲಿ ಮೂರೂ ಇಪ್ಪತ್ತು. ನಾಲ್ಕಕ್ಕೆ ಲಾರಿ. ಹೊರಗೆ ಹನ್ನೆರಡು ಪೆಟ್ಟಿಗೆಯಲ್ಲಿ ಹನ್ನೆರಡು ಕಪ್ಪು ಬಿಲ್ಲೆ ಮಲಗಿವೆ, ಇಂಗಾಲದ ನಾರಿಗೆ ಇಂಗಾಲದ್ದೇ ಅಂಟು ಹಾಕಿ ಬೇಯಿಸಿದ್ದು, ವಿಮಾನದ ಗಾಲಿಯ ಬ್ರೇಕಿಗೆ ಹೋಗುವ ಬಿಲ್ಲೆ, ಸಹಿ ಬಿದ್ದರೆ ಹೊರಡುತ್ತವೆ, ಬೀಳದಿದ್ದರೆ — ಬೀಳದಿದ್ದರೆ ನಾಳೆಯಿಂದ ನಿಮಗೆ ಪ್ಯಾಕಿಂಗ್ ಕೆಲಸ ಮೇಡಂ, ಆರಾಮಾಗಿ ಇರುತ್ತೆ, ಬಿಸಿ ಇಲ್ಲ ಏನಿಲ್ಲ, ನಗುನಗುತ್ತಲೇ ಅಂದದ್ದು, ಮೇಡಂ ಅಂತ ಬೇರೆ, ಇಷ್ಟು ವರ್ಷ ಏನಮ್ಮಾ ಬಾಮ್ಮಾ ಆಗಿದ್ದವಳು ಇವತ್ತು ಮಧ್ಯಾಹ್ನದಿಂದ ಮೇಡಂ ಆಗಿದ್ದಾಳೆ.

ಮೂಲೆಯಲ್ಲಿ ಸಣ್ಣ ಓವನ್ನು ಗುಂಯ್ ಅನ್ನುತ್ತಿದೆ, ನುಸಿಯ ಹಾಗೆ ಒಂದೇ ರಾಗ, ಹನ್ನೆರಡು ಗಂಟೆಗೆ ಯಾರನ್ನೂ ಕೇಳದೆ ಅದರೊಳಗೆ ಎರಡು ತುಂಡು ಇಟ್ಟವಳು ಇವಳೇ, ನಾಲ್ಕಕ್ಕೆ ಅದರ ಗಂಟೆ ಹೊಡೆಯುತ್ತದೆ, ಏಳುನೂರು ಡಿಗ್ರಿ, ಗಾಳಿ ಆಡುವ ಓವನ್ನು, ದೊಡ್ಡ ಕುಲುಮೆಯ ಹಾಗೆ ಗಾಳಿ ತೆಗೆದು ಬಾಯಿ ಮುಚ್ಚಿದ್ದಲ್ಲ, ಇಂಗಾಲಕ್ಕೆ ಶಾಖ ಅಂದರೆ ಭಯವಿಲ್ಲ, ಶಾಖದ ಜೊತೆಗೆ ಗಾಳಿ ಬಂದರೆ ಮಾತ್ರ ಭಯ, ಇದನ್ನು ಹೇಳಿಕೊಟ್ಟದ್ದು ಮುರಿಯೋ ಮಾಮ, ಪಕ್ಕದ ಕೋಣೆಯಲ್ಲಿ ತುಂಡುಗಳನ್ನು ಮುರಿದು ಬಲ ಅಳೆಯುವ ಮಾಮ, ಮೂವತ್ತು ವರ್ಷದಿಂದ ಮುರಿಯುವುದೇ ಕೆಲಸ, ಮನೇಲಿ ಒಂದು ಲೋಟ ಒಡೆದರೆ ನಿಮ್ಮತ್ತೆ ಬೈತಾಳೆ ಇಲ್ಲಿ ಮುರಿದರೆ ಸಂಬಳ ಕೊಡ್ತಾರೆ ನೋಡು ತಾಯಿ, ಎಂದು ಇವಳು ಸೇರಿದ ಮೊದಲ ದಿನವೇ ಅಂದವನು, ಇವತ್ತು ಬೆಳಿಗ್ಗೆ ಅದೇ ಮಾಮ ಓಡಿ ಬಂದ, ಕಣ್ಣು ಅಗಲ ಮಾಡಿಕೊಂಡು, ನಿನ್ನ ಸೋಮವಾರದ ಮಾಲು ಏನು ಗಟ್ಟಿ ಇದೆಯೇ ತಾಯಿ, ಹತ್ತು ವರ್ಷದಲ್ಲಿ ಇಷ್ಟು ಗಟ್ಟಿ ಬಂದಿರಲಿಲ್ಲ, ಮುಳ್ಳು ಎಲ್ಲಿಗೋ ಹೋಯ್ತು — ಆಮೇಲೆ ತಾನೇ ಸ್ವಲ್ಪ ತಡೆದು, ಆದರೆ ಮುರಿಯೋವಾಗ ಟಪ್ ಅಂತು, ಅಂದ. ಟಪ್ ಅಂತಾ, ಇವಳು ಕೇಳಿದಳು. ಹೂಂ ಕಣೇ, ಹೇಳದೆ ಕೇಳದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪೂರ್ತಿ ಬೆಂದ ತುಂಡು ಹಾಗೆ ಮುರಿಯುವುದಿಲ್ಲ, ಬೇಗ ಸೋಲುತ್ತದೆ ಆದರೆ ಗೊಣಗುತ್ತಾ ಸೋಲುತ್ತದೆ, ಚಿರ್ ಚಿರ್ ಅಂತ ಎಳೆ ಎಳೆಯಾಗಿ ಬಿಡುತ್ತಾ, ಬಗ್ಗುತ್ತಾ, ಯಂತ್ರದ ಮುಂದೆ ಕೂತವನಿಗೆ ಟೀ ಕುಡಿದು ಬರುವಷ್ಟು ಸೂಚನೆ ಕೊಟ್ಟು. ಬೇಯದ್ದು ಗಟ್ಟಿ, ಬಹಳ ಗಟ್ಟಿ, ನಾರೂ ಅಂಟೂ ಹಲ್ಲು ಕಚ್ಚಿ ಹಿಡಿದುಕೊಂಡಿರುತ್ತವೆ, ಹಿಡಿದು ಹಿಡಿದು ಕೊನೆಗೆ ಒಂದೇ ಸಲ.

ಬೇಯದ್ದು. ಹೌದು, ಬೆಂದಿಲ್ಲ, ಯಾರ ತಪ್ಪೂ ಅಲ್ಲ, ಸೋಮವಾರ ನೀರಿನ ಪಂಪು ನಿಂತಿತು, ಕುಲುಮೆಯ ಗೋಡೆಯನ್ನು ತಣ್ಣಗಿಡುವ ನೀರು, ಅದು ನಿಂತರೆ ಕುಲುಮೆಯೇ ಕರಗಿ ಕೂರುತ್ತದೆ, ಕೆಂಪು ದೀಪ ಹತ್ತಿದ್ದೇ ತಡ ಇವಳೇ ಕೈಯಾರೆ ಶಾಖ ಇಳಿಸಿದ್ದು, ಆಗ ಮುಳ್ಳು ಸಾವಿರದ ಒಂಬೈನೂರರಲ್ಲಿತ್ತು, ಏರುವ ದಾರಿಯಲ್ಲಿ ಅಲ್ಲಿ ನಿಲ್ಲಿಸಿ ನಲವತ್ತು ನಿಮಿಷ ಆಗಿತ್ತು, ನೋಡುವ ಕಿಂಡಿಯ ಗಾಜಿನಲ್ಲಿ ಕಂಡ ಬಣ್ಣ ಇನ್ನೂ ಕಣ್ಣಲ್ಲಿದೆ, ಪೂರ್ತಿ ಬಿಳಿಗೆ ತಿರುಗಿರಲಿಲ್ಲ, ಹಳದಿ ಇತ್ತು, ಹದಿನಾರು ವರ್ಷ ಆ ಕಿಂಡಿಗೆ ಕಣ್ಣಿಟ್ಟವಳಿಗೆ ಹಳದಿ ಯಾವುದು ಬಿಳಿ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆರಲು ಎರಡು ದಿನ. ಮತ್ತೆ ಹಾಕೋಣ ಸಾರ್, ಮತ್ತೆ ಎರಡು ಸಾವಿರದ ನಾನೂರಕ್ಕೆ ಏರಿಸೋಣ, ಮೂರು ದಿನ ಬೇಕು ಅಷ್ಟೆ, ಎಂದು ನಿನ್ನೆಯೇ ಹೇಳಿದ್ದಳು, ಮೂರು ದಿನ ಎಲ್ಲಿಂದ ತರಲಿ ನನ್ನ ಜೇಬಿಂದಾನಾ, ಅಂದರು, ಅವರ ಜೇಬೂ ಇಸ್ತ್ರಿ ಮಾಡಿದ್ದೇ, ಒಳಗೆ ಏನೂ ಇದ್ದ ಹಾಗೆ ಕಾಣಲಿಲ್ಲ. ಇವತ್ತು ಬಲದ ಲೆಕ್ಕ ಬಂದ ಮೇಲೆ ಮುಖ ಅರಳಿತು, ನೋಡಿದ್ರಾ ಮೇಡಂ, ಕಡಿಮೆ ಶಾಖಕ್ಕೇ ಇನ್ನೂ ಚೆನ್ನಾಗಿ ಬಂದಿದೆ, ಇಷ್ಟು ದಿನ ಸುಮ್ನೆ ಕರೆಂಟು ಸುಟ್ವಿ ಅನ್ಸುತ್ತೆ, ಏನಂತೀರಿ. ಏನನ್ನುವುದು, ಹೇಗೆ ಹೇಳುವುದು ಇವರಿಗೆ, ಒಳಗೆ ಇಂಗಾಲ ಅಂದರೆ ತೆಳು ತೆಳು ಪದರ ಸಾರ್, ಕಡಿಮೆ ಶಾಖದಲ್ಲಿ ಅವು ಒಗೆದು ಬುಟ್ಟಿಗೆ ಸುರಿದ ಬಟ್ಟೆ ಇದ್ದ ಹಾಗೆ, ಸೆರಗು ಒಂದು ಕಡೆ ತೋಳು ಒಂದು ಕಡೆ, ಗಾಳಿಗೆ ಎಲ್ಲಿ ಬೇಕಾದರೂ ಒಂದು ತುದಿ ಸಿಗುತ್ತದೆ, ಹಿಡಿದು ಎಳೆಯುತ್ತದೆ, ಶಾಖ ಏರಿದ ಹಾಗೆ ಅವೆಲ್ಲ ಮಡಿಚಿ ಒಂದರ ಮೇಲೊಂದು ಕೂರುತ್ತವೆ, ನಿಮ್ಮ ಅಂಗಿಯ ಹಾಗೆ ಸಾರ್, ಗಾಳಿಗೆ ಹಿಡಿಯೋಕೆ ತುದಿ ಸಿಗಲ್ಲ — ಇದನ್ನು ಬಾಯಿಬಿಟ್ಟೇ ಹೇಳಿದಳು, ಮಾಮ ಹಿಂದೆ ನಿಂತು ಕೆಮ್ಮಿದ, ಇಸ್ತ್ರಿ ಸಾಹೇಬರು ತಮ್ಮ ತೋಳು ನೋಡಿಕೊಂಡರು. ಅದಕ್ಕೇ ಮೇಲೆ ಬಣ್ಣ ಬಳಿಯೋದಲ್ವಾ ಮೇಡಂ, ಗಾಳಿ ಹೋಗಬಾರದು ಅಂತ. ಬಣ್ಣ ಬಿರುಕು ಬಿಡುತ್ತೆ ಸಾರ್, ಬ್ರೇಕು ಕೆಂಪಗೆ ಕಾದು ತಣಿದು ಕಾದು ತಣಿದು, ನೂರನೇ ಸಲಕ್ಕೆ ಕೂದಲೆಳೆಯಷ್ಟು ಬಿರುಕು ಬರುತ್ತೆ, ಗಾಳಿಗೆ ಅಷ್ಟು ಸಾಕು. ನೂರನೇ ಸಲ ತಾನೆ, ನೋಡೋಣ ಬಿಡಿ, ದೊಡ್ಡದು ಮಾಡಬೇಡಿ, ಒಂದು ಸಹಿ ತಾನೆ.

ಒಂದು ಸಹಿ ತಾನೆ. ಈ ಮಾತು ಎಲ್ಲೋ ಕೇಳಿದ್ದು, ಇವತ್ತೇ, ಎಲ್ಲಿ — ತನ್ನದೇ ಬಾಯಲ್ಲಿ. ಬೆಳಿಗ್ಗೆ ಏಳೂಕಾಲು, ಒಂದು ಕೈಯಲ್ಲಿ ಚಪಾತಿ ಮಗುಚುವ ಸಟ್ಟುಗ, ಇನ್ನೊಂದು ಕೈಯಲ್ಲಿ ಬಾಚಣಿಗೆ, ಗಂಡ ಮೊದಲ ಬಸ್ಸಿನ ಡ್ಯೂಟಿಗೆ ಆಗಲೇ ಹೋಗಿಯಾಗಿದೆ, ಮಗಳು ಹಾಳೆ ಹಿಡಿದುಕೊಂಡು ಫ್ರಿಜ್ಜಿನ ಪಕ್ಕ ನಿಂತಿದ್ದಾಳೆ, ಏನದು, ಕ್ಷಮಾಪಣೆ ಪತ್ರ, ಯಾಕೆ, ಲೈಬ್ರರಿ ಪುಸ್ತಕದ ಹಾಳೆ ಹರಿದಿದೀನಂತೆ, ಹರಿದಿದೀಯಾ, ಇಲ್ಲ, ಮತ್ತೆ, ನಾನು ತಗೊಳ್ಳೋ ಮುಂಚೇನೇ ಹರಿದಿತ್ತು, ಹೇಳಿದೆ, ನಂಬಲಿಲ್ಲ, ನಿನ್ನ ಸಹಿ ಬೇಕಂತೆ. ಓಹೋ ಅಂದಳು ಇವಳು, ತವೆಯ ಮೇಲೆ ಚಪಾತಿ ಕರಕಲಾಗುತ್ತಿದೆ, ಸರಿ ಕೊಡು ಇಲ್ಲಿ, ದೊಡ್ಡದು ಮಾಡಬೇಡ, ಒಂದು ಸಹಿ ತಾನೆ, ಹಾಕಿ ಮುಗಿಸೋಣ. ಫ್ರಿಜ್ಜಿನ ಬಾಗಿಲಿಗೆ ಹಾಳೆ ಒತ್ತಿ ಹಿಡಿದು ಸಹಿ ಗೀಚಿದಳು, ಇದೇ ಪೆನ್ನು, ಮಾತಿಗೆ ಮಾತು ಕೊಡುವ ಹುಡುಗಿ ಹಾಳೆ ನಾಲ್ಕು ಮಡಿಕೆ ಮಾಡಿದಳು, ಓದಲೂ ಇಲ್ವಲ್ಲ ಅಮ್ಮ, ಅಂದಳು, ಬಾಗಿಲು ಹಾಕಿಕೊಂಡ ಸದ್ದು ಕೂಡ ಬರದ ಹಾಗೆ ಹೋದಳು. ಬಾಗಿಲು ಬಡಿದಿದ್ದರೆ ಚೆನ್ನಾಗಿತ್ತು. ಬಡಿದು ಹೋಗುವ ಮಗಳು ಸಂಜೆ ಬಂದು ಜಗಳಕ್ಕೆ ನಿಲ್ಲುತ್ತಾಳೆ, ಬಡಿಯದೆ ಹೋದವಳು — ಟಪ್ ಅಂತು, ಹೇಳದೆ ಕೇಳದೆ, ಅಯ್ಯೋ ಇದೇನು ಎಲ್ಲದಕ್ಕೂ ಮಾಮನ ಯಂತ್ರ ತಂದು ಅಂಟಿಸುವುದು, ಸಾಕು. ಸಾಕು ಅಂದರೂ ಫ್ರಿಜ್ಜಿನ ಬಾಗಿಲು ಕಣ್ಣ ಮುಂದಿನಿಂದ ಹೋಗುವುದಿಲ್ಲ, ಹಾಳೆಯಾಚೆ ಬಾಗಿಲಿನ ತಂಪು ಬೆರಳಿಗೆ ತಾಗಿದ್ದು ಕೂಡ. ಮೂರೂವರೆ.

ಯಾರನ್ನು ಬೈಯುವುದು, ಈ ಸಹಿಗೆ ಇಷ್ಟು ಬೆಲೆ ತಂದುಕೊಟ್ಟವಳೂ ತಾನೇ. ಮೊದಲು ಸಹಿ ಯಾರಿಗೆ ಬೇಕಿತ್ತು, ಪ್ರತಿ ಸಲವೂ ಸುಟ್ಟು ನೋಡುತ್ತಿದ್ದರು, ಪ್ರತಿ ಮಾಲಿನ ಒಂದು ತುಂಡು ಈ ಸಣ್ಣ ಓವನ್ನಿಗೆ, ನಾಲ್ಕು ಗಂಟೆ, ಆಮೇಲೆ ತೂಕ, ಎಷ್ಟು ಉಳಿಯಿತು ಅಂತ. ಆಗ ಮಗಳಿಗೆ ಎರಡು ವರ್ಷ, ಶಿಶುವಿಹಾರದಲ್ಲಿ ಐದೂವರೆಗೆ ದೀಪ ಆರಿಸುತ್ತಿದ್ದರು, ಓವನ್ನು ಐದಕ್ಕೆ ಮುಗಿದರೆ ತೂಕ ಮಾಡಿ ಬರೆದು ಓಡಿ ಹೋಗುವಷ್ಟರಲ್ಲಿ ಮಗು ಆಯಾಳ ಮಡಿಲಲ್ಲಿ ಗೇಟಿನ ಹೊರಗೆ ಕೂತಿರುತ್ತಿತ್ತು, ಒಂದು ಚಪ್ಪಲಿ ಹಾಕಿಕೊಂಡು ಒಂದನ್ನು ಕೈಯಲ್ಲಿ ಹಿಡಿದು, ಅತ್ತು ಮುಗಿದ ಮುಖ. ಒಂದು ದಿನ ಇವಳೇ ಹೋಗಿ ಆಗಿನ ಮ್ಯಾನೇಜರಿಗೆ ಬರೆದುಕೊಟ್ಟಳು, ಶಾಖ ಎರಡು ಸಾವಿರದ ನಾನೂರು ಮುಟ್ಟಿ ಎರಡು ಗಂಟೆ ನಿಂತಿದ್ದರೆ ಸುಟ್ಟು ನೋಡುವ ಅಗತ್ಯವಿಲ್ಲ, ಇಷ್ಟು ವರ್ಷದಲ್ಲಿ ಒಂದೂ ತಪ್ಪಿಲ್ಲ, ಕುಲುಮೆ ನೋಡಿಕೊಳ್ಳುವವರ ಸಹಿ ಸಾಕು. ಒಪ್ಪಿದರು. ಎಲ್ಲರಿಗೂ ಖುಷಿ, ಮಾಮ ಮಾತ್ರ, ಸರಿ ಕಣೇ, ಇನ್ಮೇಲೆ ನೀನೇ ಓವನ್ನು, ಅಂದ, ಆಗ ತಮಾಷೆ ಅಂದುಕೊಂಡಿದ್ದಳು. ತಪ್ಪು ಬರೆದದ್ದಲ್ಲ ಅವತ್ತು, ಶಾಖ ಮುಟ್ಟಿದ್ದರೆ ಇವತ್ತಿಗೂ ಆ ಮಾತು ನಿಜ, ಮುಟ್ಟದ ದಿನ ಒಂದು ಬರುತ್ತದೆ, ಅವತ್ತು ಉತ್ತರ ಹೇಳಲು ಓವನ್ನು ಇರುವುದಿಲ್ಲ ತಾನಿರುತ್ತೇನೆ ಅಂತ ಹೊಳೆಯಲಿಲ್ಲ, ಅಷ್ಟೆ, ಚಪ್ಪಲಿ ಹಿಡಿದ ಮಗು ಕಣ್ಣ ಮುಂದಿದ್ದಾಗ ಬೇರೆ ಏನು ಹೊಳೆಯುತ್ತದೆ ಯಾರಿಗೇ ಆಗಲಿ.

ಮೊದಲ ಸಲ ಸುಟ್ಟು ನೋಡಿದ್ದು, ಅದು ಮರೆಯುವ ಹಾಗಿಲ್ಲ, ಸೇರಿ ಹದಿನೈದು ದಿನ ಆಗಿತ್ತೇನೋ, ಮಾಮ ಎರಡು ತುಂಡು ಇಟ್ಟ, ಒಂದು ಕಡಿಮೆ ಬೆಂದದ್ದು, ಒಂದು ಪೂರ್ತಿ ಬೆಂದದ್ದು, ಒಂದೇ ಅಳತೆ ಒಂದೇ ಕಪ್ಪು, ನಾಲ್ಕು ಗಂಟೆ ಆದ ಮೇಲೆ ಬಾಗಿಲು ತೆಗೆದ, ಎರಡೂ ಕೆಂಪಗೆ ಕೂತಿದ್ದವು, ಎರಡೂ ಹಾಗೇ ಇದ್ದವು, ಅಂಚು ಅಂಚಾಗಿ, ಮೂಲೆ ಮೂಲೆಯಾಗಿ, ಇವಳು ಅಂದಳು, ಎರಡೂ ಹಾಗೇ ಇವೆಯಲ್ಲ ಮಾಮ. ಹಾಗೇ ಇವೆಯಾ, ತಗೋ ಇಕ್ಕಳ, ಎತ್ತು. ಪೂರ್ತಿ ಬೆಂದದ್ದು ಎದ್ದು ಬಂತು, ಸ್ವಲ್ಪ ಹಗುರ, ಅಷ್ಟೆ. ಇನ್ನೊಂದಕ್ಕೆ ಇಕ್ಕಳ ತಾಗಿತು — ಹಿಡಿಯಲೂ ಇಲ್ಲ, ತಾಗಿತು — ಅದು ಇಲ್ಲ. ಇದ್ದಲ್ಲೇ ಕುಸಿಯಿತು, ಸದ್ದಿಲ್ಲದೆ, ಕೂದಲು ಕೂದಲಾಗಿ, ಬಾಚಣಿಗೆಯಿಂದ ತೆಗೆದು ಎಸೆದ ಸಿಕ್ಕಿನ ಹಾಗೆ ಒಂದು ಹಿಡಿ ಎಳೆ, ಇಕ್ಕಳದ ತುದಿಯಲ್ಲಿ ಏನೂ ಇಲ್ಲ. ಒಳಗಿನದೆಲ್ಲ ಗಾಳಿ ತಿಂದು ಹೋಗಿತ್ತು, ಆಕಾರ ಮಾತ್ರ ಬಿಟ್ಟಿತ್ತು, ಯಾರಾದರೂ ಮುಟ್ಟುವವರೆಗೆ ಇರಲಿ ಅಂತ. ಅವತ್ತು ರಾತ್ರಿ ಗಂಡನಿಗೆ ಹೇಳಿದಾಗ, ಬಸ್ಸು ಓಡಿಸುವವನು, ತುತ್ತು ಅರ್ಧಕ್ಕೆ ನಿಲ್ಲಿಸಿ ತನ್ನ ಬಲಗಾಲು ನೋಡಿಕೊಂಡ, ನಿಮ್ಮ ಬಿಲ್ಲೆ ನಮ್ಮ ಬಸ್ಸಿಗೆ ಹಾಕಲ್ಲ ತಾನೆ, ಅಂದ. ಇಲ್ಲ ಮಾರಾಯ ವಿಮಾನಕ್ಕೆ. ಹಾಗಾದ್ರೆ ಅವರು ಕಾಲು ಎಲ್ಲಿ ಇಡ್ತಾರೆ ಅದನ್ನ ಯೋಚನೆ ಮಾಡು, ಅಂದ, ಆಮೇಲೆ ಊಟ ಮುಂದುವರಿಸಿದ. ಅವರು ಕಾಲು ಎಲ್ಲಿ ಇಡುತ್ತಾರೆ. ಯಾರೋ ಒಬ್ಬ ಕಾಲು ಒತ್ತುತ್ತಾನೆ, ನೆಲ ಓಡಿ ಬರುತ್ತಿದೆ, ಹಿಂದೆ ಕೂತವರಲ್ಲಿ ಒಬ್ಬಳು ಮಗುವಿಗೆ ಚಪ್ಪಲಿ ಹಾಕುತ್ತಿದ್ದಾಳೆ, ಇಳಿಯಬೇಕಲ್ಲ ಅಂತ, ಬಿಲ್ಲೆ ಹಾಗೇ ಇದೆ, ಹೊರಗಿನಿಂದ ನೋಡಿದರೆ ಹಾಗೇ ಇದೆ.

ಇಲ್ಲ. ಬರೆಯುವುದಿಲ್ಲ ಇವರ ಪೆನ್ಸಿಲು. ಪ್ಯಾಕಿಂಗಿಗೆ ಹಾಕಲಿ, ಹಾಕಲಿ ಬಿಡು, ಪೆಟ್ಟಿಗೆಗೆ ಹುಲ್ಲು ತುಂಬುತ್ತಾ ಕೂರುತ್ತೇನೆ, ಬೆನ್ನಿಗೂ ಸ್ವಲ್ಪ ಆರಾಮ, ಕಣ್ಣಿಗೂ, ಹೊಸಬರು ಯಾರನ್ನೋ ಕಿಂಡಿಯ ಮುಂದೆ ಕೂರಿಸಲಿ, ಹಳದಿಯನ್ನು ಬಿಳಿ ಅನ್ನುವವರನ್ನು, ಸಿಗುತ್ತಾರೆ, ಬೇಕಾದಷ್ಟು ಜನ ಸಿಗುತ್ತಾರೆ — ಆದರೆ ಈ ಹಾಳೆ ಇವತ್ತು ಅವರ ಕೈಯಲ್ಲಿಲ್ಲ, ತನ್ನ ಕೈಯಲ್ಲಿದೆ. ಸಹಿ ಮಾಡದೆ ಎದ್ದು ಹೋದರೆ ಏನಾಗುತ್ತದೆ, ಖಾಲಿ ಚೌಕ ಬಿಟ್ಟರೆ ಖಾಲಿ ಚೌಕದಲ್ಲಿ ಯಾರು ಬೇಕಾದರೂ ಕೂರುತ್ತಾರೆ. ಇವಳು ಪೆನ್ನು ತಿರುಗಿಸಿದಳು, ಹಲ್ಲಿನ ಗುರುತು ಹೆಬ್ಬೆರಳಿಗೆ ತಾಗಿತು, ಒಂದು, ಎರಡು, ಶಾಖ ಅನ್ನುವ ಚೌಕದಲ್ಲಿ ಬರೆದಳು, ಸಾವಿರದ ಒಂಬೈನೂರು, ಅಂಕಿಯಲ್ಲೂ ಅಕ್ಷರದಲ್ಲೂ, ಚೌಕ ಸಾಲದೆ ಅಕ್ಷರ ಗೆರೆ ದಾಟಿ ಪೆನ್ಸಿಲಿನ ಮೇಲೆ ಹತ್ತಿತು, ಹತ್ತಲಿ. ಹೊತ್ತು ಅನ್ನುವ ಚೌಕದಲ್ಲಿ, ನಲವತ್ತು ನಿಮಿಷ, ಪಂಪು ನಿಂತಿತು. ಸಹಿ. ಬೆಳಿಗ್ಗೆಯದರ ಹಾಗೆ ಗೀಚಿದ್ದಲ್ಲ, ನಿಧಾನವಾಗಿ, ಪೂರ್ತಿ ಹೆಸರು, ಸೇರಿದ ದಿನ ಹಾಜರಿ ಪುಸ್ತಕದಲ್ಲಿ ಬರೆದ ಹಾಗೆ. ಸಹಿ ಬೇಕು ಅಂದಿದ್ದರು, ಬಿತ್ತು. ನಾಳೆ ಮೊದಲ ಪೀರಿಯಡ್ಡಿಗೆ ಸ್ಕೂಲಿಗೆ ಹೋಗಬೇಕು, ಅರ್ಧ ದಿನ ರಜೆ, ಕೊಟ್ಟರೆ ಕೊಡಲಿ ಇಲ್ಲದಿದ್ದರೆ ಬಿಡಲಿ, ಆ ಟೀಚರಮ್ಮನ ಮುಂದೆ ನಿಂತು, ನಾನು ಓದದೆ ಸಹಿ ಹಾಕಿದೆ, ವಾಪಸ್ ಕೊಡಿ, ನನ್ನ ಮಗಳು ಹರಿದಿಲ್ಲ ಅಂದಿದ್ದಾಳೆ, ಅಂದಮೇಲೆ ಹರಿದಿಲ್ಲ, ಅಂತ ಹೇಳಬೇಕು, ಮಗಳು ಪಕ್ಕದಲ್ಲಿ ನಿಂತಿರಲಿ, ಕೇಳಿಸಿಕೊಳ್ಳಲಿ. ಪೆನ್ನನ್ನೂ ಕೊಡಬೇಕು.

ಅವರು ಬಂದದ್ದು ನಾಲ್ಕಕ್ಕೆ ಐದು ನಿಮಿಷ ಇರುವಾಗ, ಮೊದಲು ತೋಳಿನ ಮಡಿಕೆ, ಹಿಂದೆ ಮನುಷ್ಯ, ಅವರ ಹಿಂದೆ ಕೈ ಒರೆಸುತ್ತಾ ಮಾಮ, ಆಯ್ತಾ ಮೇಡಂ, ಆಯ್ತು ಸಾರ್, ಹಾಳೆ ತೆಗೆದುಕೊಂಡರು, ಓದಿದರು, ಮತ್ತೆ ಮೇಲಿನಿಂದ ಓದಿದರು, ಏನಿದು. ನಡೆದದ್ದು ಸಾರ್. ನಾನು ಪಕ್ಕದಲ್ಲಿ ಬರೆದು ಕೊಟ್ಟಿದ್ನಲ್ಲ. ಅದು ನಡೆದದ್ದಲ್ಲ ಸಾರ್. ಹೊರಗೆ ಲಾರಿಯವನು ಹಾರ್ನು ಹೊಡೆದ, ಒಂದು ಸಲ, ಮತ್ತೊಂದು ಸಲ, ಇಸ್ತ್ರಿ ಸಾಹೇಬರ ಕಿವಿ ಕೆಂಪಗಾಗಿತ್ತು, ನಿಮಗೆ ಗೊತ್ತಲ್ವಾ ನಾಳೆಯಿಂದ ಎಲ್ಲಿ ಅಂತ. ಗೊತ್ತು ಸಾರ್, ಹುಲ್ಲು ತುಂಬೋಕೆ. ಮಾಮ, ನನಗೂ ಅಲ್ಲೇ ಒಂದು ಸ್ಟೂಲು ಹಾಕಿಸಿಬಿಡಿ ಸಾರ್, ಮುರಿದು ಮುರಿದು ಕೈ ಸೋತಿದೆ, ಅಂದ. ನನಗೆ ಬೇರೆ ಹಾಳೆ ಗೊತ್ತಿಲ್ಲವಾ ಮೇಡಂ, ಬೇರೆ ಸಹಿ ಸಿಗಲ್ವಾ, ಗಟ್ಟಿ ಇದೆ ಅಂತ ನಿಮ್ಮ ಮಾಮನೇ ಬರೆದುಕೊಟ್ಟಿದಾರೆ, ಅನ್ನುತ್ತಿದ್ದರು, ಅಷ್ಟರಲ್ಲಿ ಮೂಲೆಯಲ್ಲಿ ಟಿಣ್ ಅಂತು, ಗುಂಯ್ ನಿಂತಿತು, ಅದು ನಿಂತ ಮೇಲೇ ಇಷ್ಟು ಹೊತ್ತು ಅದು ಎಷ್ಟು ಕೂಗುತ್ತಿತ್ತು ಅಂತ ಗೊತ್ತಾದದ್ದು. ಏನದು. ಬನ್ನಿ ಸಾರ್, ಒಂದು ನಿಮಿಷ, ಆಮೇಲೆ ಯಾರ ಸಹಿ ಬೇಕಾದರೂ ತಗೊಳ್ಳಿ. ಬಾಗಿಲು ತೆಗೆದಳು, ಶಾಖ ಮುಖಕ್ಕೆ ಬಂತು, ಅವರು ಒಂದು ಹೆಜ್ಜೆ ಹಿಂದೆ ಸರಿದರು, ಎರಡು ತುಂಡು, ಎಡಗಡೆ ಹಳೇ ಮಾಲಿನದು, ಬಲಗಡೆ ಸೋಮವಾರದ್ದು, ಎರಡೂ ಕೆಂಪಗೆ, ಒಂದೇ ಅಳತೆ, ಅಂಚು ಅಂಚಾಗಿ, ಮೂಲೆ ಮೂಲೆಯಾಗಿ. ಅವರು ಬಗ್ಗಿ ನೋಡಿದರು, ಮುಖ ಸಡಿಲವಾಯಿತು, ನಗುವೇ ಬಂತು. ಎರಡೂ ಹಾಗೇ ಇವೆಯಲ್ಲ ಮೇಡಂ. ಹೌದು ಸಾರ್, ಹಾಗೇ ಇವೆ. ಗೋಡೆಯ ಮೊಳೆಯಿಂದ ಇಕ್ಕಳ ತೆಗೆದು ಹಿಡಿಕೆಯನ್ನು ಅವರ ಕಡೆ ತಿರುಗಿಸಿದಳು, ಬಲಗಡೇದು ಎತ್ತಿ ಸಾರ್, ನೀವೇ ಎತ್ತಿ. ಇಸ್ತ್ರಿ ಮಾಡಿದ ತೋಳು ಮುಂದೆ ಬರುತ್ತಿದೆ, ಇಕ್ಕಳ ಬಾಯಿ ತೆರೆದಿದೆ, ಹೊರಗೆ ಮತ್ತೆ ಹಾರ್ನು, ಕೆಂಪು ಸ್ವಲ್ಪ ಸ್ವಲ್ಪವೇ ಕಪ್ಪಿಗೆ ತಿರುಗುತ್ತಿದೆ, ತುಂಡು ಹಾಗೇ ಇದೆ, ಇಕ್ಕಳ ಹತ್ತಿರ, ಹಾಗೇ ಇದೆ, ಇನ್ನೂ ಹತ್ತಿರ, ಹಾಗೇ —